ಗಾಲಿಮನೆಯ ಬಿಜಾಗರಿ

ಬಾಡಿಗೆ ಮನೆ ಬದಲಿಸುತ್ತಲೇ ಬಾಳುವ ನಮ್ಮಂಥವರಿಗೆ, ಮನೆಯನ್ನೇ ಮೋಟಾರಿನ ಹಿಂದೆ ಕಟ್ಟಿಕೊಂಡು ಹೊರಟವರ ಕಥೆ ಸೋಜಿಗವೆನಿಸೀತು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲೂ ಅಮೆರಿಕದಲ್ಲಿ ಅನೇಕರು ಇಂಥ ಗಾಲಿಮನೆಗಳನ್ನು ಕೈಯಾರೆ ಕಟ್ಟಿದರು. ಅವುಗಳ ನಕ್ಷೆ ಮಾರುತ್ತಿದ್ದ ವಾಲಿ ಬೈಯಮ್ ಎಂಬಾತ 1936ರಲ್ಲಿ ಅಲ್ಯುಮಿನಿಯಮ್ ಮೈಯ 'ಏರ್‌ಸ್ಟ್ರೀಮ್ ಕ್ಲಿಪ್ಪರ್' ಗಾಡಿಯನ್ನೇ ಹೊರತಂದ.

ಗಾಳಿಯ ತಡೆ ತಗ್ಗಲೆಂದು ಗಾಡಿಯ ಮೈಯನ್ನು ದುಂಡಗೆ ಮಾಡಿದರೆ ತೊಡಕಾಗುವುದು ಬಾಗಿಲಿಗೆ. ಬಿಜಾಗರಿಗಳೆರಡರ ಕಡ್ಡಿಗಳೂ ಒಂದೇ ನೇರ ರೇಖೆಯಲ್ಲಿದ್ದರೆ ಮಾತ್ರ ಕದ ಸಲೀಸಾಗಿ ತಿರುಗೀತು. ಬಾಗಿದ ಗೋಡೆಯಾದರೋ ಮೇಲೇರಿದಂತೆ ಒಳಕ್ಕೆ ಸರಿಯುತ್ತದೆ. ಅಂಗಡಿಯ ಚಪ್ಪಟೆ ಬಿಜಾಗರಿಯನ್ನು ಹಾಗೆಯೇ ಜಡಿದರೆ ಕದ ಬಿಗಿಯುತ್ತದೆ, ತಿರುಪು ಸಡಿಲವಾಗುತ್ತದೆ, ಸಂದಿಯಲ್ಲಿ ಮಳೆನೀರಿಳಿದು ಒಳಗಿನ ಮರ ಕೊಳೆಯುತ್ತದೆ. ಆದ್ದರಿಂದ ಗೋಡೆ ಹಿಂದೆ ಸರಿದಷ್ಟು ಬಿಜಾಗರಿಯ ರೆಕ್ಕೆ ಉದ್ದವಾಗಬೇಕು. ನೇರವಾದ ಸರಳೊಂದನ್ನು ಹಿಡಿದು, ಅದರಿಂದ ಗೋಡೆಗಿರುವ ಅಂತರವನ್ನು ಎರಡು ಕಡೆ ಅಳೆದು, ರಟ್ಟಿನಲ್ಲಿ ಮಾದರಿ ಕತ್ತರಿಸಿ, ಆಮೇಲೆ ಲೋಹಕ್ಕೆ ಕೈಹಾಕಬೇಕು.

ನಮ್ಮ ಹಳೆಯ ಗುಡಿ, ಮನೆಗಳಲ್ಲಿ ಬಿಜಾಗರಿಯೇ ಇಲ್ಲದ ಕದಗಳಿದ್ದವು. ಕದದ ಮೇಲೂ ಕೆಳಗೂ ಉಳಿಸಿದ ಗೂಟಗಳು ಕುಳಿಗಳಲ್ಲಿ ತಿರುಗುತ್ತಿದ್ದವು. ಅವುಗಳನ್ನು ಕೂರಿಸುವಾಗ ನಮ್ಮ ಬಡಗಿ ನೋಡುತ್ತಿದ್ದುದೂ ಅದೇ ನೇರ ರೇಖೆಯನ್ನೇ.