ನಾಳಿನ ಪದ್ಮಿನಿ ಯಾವುದು?

ಮುಂಬಯಿಯಲ್ಲಿ ಬಾಳಿದವರಿಗೆ ಕಪ್ಪು-ಹಳದಿ ಪದ್ಮಿನಿಯ ಪರಿಚಯ ಬೇಕಿಲ್ಲ. ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಿಂದ 1964ರಲ್ಲಿ ಫಿಯೆಟ್ 1100 ಡಿಲೈಟ್ ಆಗಿ ಬಂದ ಕಾರು 1974ರಲ್ಲಿ ಪದ್ಮಿನಿಯಾಯಿತು. ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್‌ಟಿಓದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಇಲ್ಲಿ ಟ್ಯಾಕ್ಸಿಯ ಆಯುಸ್ಸು 20 ವರ್ಷ. 2023ರ ಅಕ್ಟೋಬರ್ ಮುಗಿಯುವಾಗ ಪದ್ಮಿನಿ ಟ್ಯಾಕ್ಸಿಯ ಕಾಲವೂ ಮುಗಿಯಿತು!

ಬ್ಯಾಂಕಿನವನಾದ ನನಗೆ ಕಾರೆಂದರೆ ವರ್ಷವರ್ಷವೂ ಸವಕಳಿ ಬರೆಯುವ ಆಸ್ತಿ. ಆದರೆ ಒಂದು ಹಂತ ದಾಟಿದ ಮೇಲೆ ಲೆಕ್ಕ ತಿರುಗುತ್ತದೆ ನೋಡಿ. 2021ರ ಕೇಂದ್ರ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿ ಮೂಲ ರೂಪದಲ್ಲೇ ಉಳಿದ ಕಾರು ‘ವಿಂಟೇಜ್’. ಹೊಸದಾಗಿ ಹಾಗೆ ನೋಂದಾಯಿಸಲು ಶುಲ್ಕ 20,000 ರೂಪಾಯಿ.

ಮುಂದಿನ ಸರದಿ ಯಾರದು? 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ಕ್ಕೆ 2033ರಲ್ಲಿ ಐವತ್ತು. ನಮ್ಮ ಬೆಂಗಳೂರಿನ ವಿದ್ಯುತ್ ಕಾರು ರೇವಾ (2001) 2051ಕ್ಕೆ, ಟಾಟಾ ನ್ಯಾನೋ (2009) 2059ಕ್ಕೆ.

ನನ್ನ ಪಂಥ ಮಾರುತಿಯ ಮೇಲೆ. ಎಲ್ಲರ ಮನೆಯಲ್ಲೂ ಇತ್ತು, ಆದ್ದರಿಂದಲೇ ಯಾರೂ ಜೋಪಾನ ಮಾಡಲಿಲ್ಲ. ಹಳೆಯ ಕಾರ್ಬ್ಯುರೇಟರ್ ಮಾದರಿಯನ್ನು ಗಲ್ಲಿಯ ಮೆಕ್ಯಾನಿಕ್ ಕೂಡ ರಿಪೇರಿ ಮಾಡಬಲ್ಲ. ರೇವಾಕ್ಕೆ ಇತಿಹಾಸ ದೊಡ್ಡದು, ಆದರೆ ಬ್ಯಾಟರಿಯ ಚಿಂತೆ. ನ್ಯಾನೋ ಕಥೆಗೆ ಬೆಲೆ ಬಂದೀತು. ಇಂದಿನ ಸಾಫ್ಟ್‌ವೇರ್ ತುಂಬಿದ ಕಾರುಗಳ ಚಿಪ್ಪು ಐವತ್ತು ವರ್ಷದ ಮೇಲೆ ಎಲ್ಲಿ ಸಿಕ್ಕೀತು?

ನಿಮ್ಮ ಸೊಸೈಟಿಯ ಮೂಲೆಯಲ್ಲಿ ಧೂಳು ಹಿಡಿದ ಹಳೇ 800 ಇದ್ದರೆ, ಭಂಗಾರ್‌ವಾಲಾನನ್ನು ಕರೆಯುವ ಮುನ್ನ ಅದರ ಆರ್‌ಸಿ ಪುಸ್ತಕ ಹುಡುಕಿಡಿ. ಬಣ್ಣ ಮಾತ್ರ ಬದಲಿಸಬೇಡಿ!