ತುರ್ತು ಸೇವಾ ಸಿಬ್ಬಂದಿಗೆ ಸೋಂಕಿನಿಂದ ರಕ್ಷಣೆ

ಗುಜರಾತಿನ 108 ಆಂಬ್ಯುಲೆನ್ಸ್ ಸೇವೆಯು 2007ರ ಆಗಸ್ಟ್ 29ರಂದು ಆರಂಭವಾಯಿತು. ಅದರ ಕೇಂದ್ರವು ಅಹಮದಾಬಾದಿನ ನರೋಡಾ–ಕಠವಾಡಾ ರಸ್ತೆಯಲ್ಲಿದೆ. ಕರ್ನಾಟಕದ 'ಆರೋಗ್ಯ ಕವಚ' ಇದೇ ಸಂಖ್ಯೆಯೊಡನೆ 2008ರ ನವೆಂಬರ್ 1ರಂದು ಮೊದಲಾಯಿತು. ಕರೆ ಬಂದೊಡನೆ ಧಾವಿಸುವ ಈ ಸಿಬ್ಬಂದಿಗಾಗಲಿ, ಗಾಯಾಳುಗಳನ್ನು ಹೊರತೆಗೆಯುವ ಅಗ್ನಿಶಾಮಕ ದಳದವರಿಗಾಗಲಿ ಎದುರಿಗಿರುವವರ ಕಾಯಿಲೆ ಮೊದಲೇ ತಿಳಿದಿರುವುದಿಲ್ಲ. ಆದ್ದರಿಂದ ಯಾರ ರಕ್ತವನ್ನೇ ಆಗಲಿ ಸೋಂಕುಳ್ಳದ್ದೆಂದು ಭಾವಿಸಿ ಕೈಗವಸು ಧರಿಸುವುದು ಮೂಲ ನಿಯಮ.

ರಕ್ತದ ಮೂಲಕ: ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಹಾಗೂ ಎಚ್‌ಐವಿ ಹರಡಬಲ್ಲವು. ಹೆಪಟೈಟಿಸ್ ಬಿ ತಡೆಗೆ ಮೊದಲ ದಿನ, ಒಂದು ತಿಂಗಳು ಹಾಗೂ ಆರು ತಿಂಗಳ ಬಳಿಕ ಹೀಗೆ 3 ಬಾರಿ ಲಸಿಕೆ ಉಂಟು. ಹೆಪಟೈಟಿಸ್ ಸಿಗೆ ಲಸಿಕೆಯಿಲ್ಲ. ಬಳಸಿದ ಸೂಜಿ ಚುಚ್ಚಿದರೆ ಗಾಯವನ್ನು ಹಿಂಡದೆ ಸೋಪು, ನೀರಿನಿಂದ ತೊಳೆದು ಕೂಡಲೇ ವೈದ್ಯರನ್ನು ಕಾಣಬೇಕು. ಎಚ್‌ಐವಿ ತಡೆ ಔಷಧವನ್ನು 72 ಗಂಟೆಗಳೊಳಗೆ, ಆದಷ್ಟು ಬೇಗ ಆರಂಭಿಸಿ 28 ದಿನ ಸೇವಿಸಬೇಕು.

ಉಸಿರಿನ ಮೂಲಕ: ಕ್ಷಯ, ಕೋವಿಡ್ ಹರಡುತ್ತವೆ. 1994ರಲ್ಲಿ ಸೂರತ್ ನಗರವನ್ನು ನಡುಗಿಸಿದ್ದೂ ಶ್ವಾಸಕೋಶದ ಪ್ಲೇಗ್. ಸಿಬ್ಬಂದಿಗೆ ಎನ್‌95 ಮಾಸ್ಕ್, ರೋಗಿಗೆ ಸಾಮಾನ್ಯ ಮಾಸ್ಕ್, ವಾಹನದೊಳಗೆ ಗಾಳಿಯಾಡುವ ವ್ಯವಸ್ಥೆ ಅಗತ್ಯ.

ನಮ್ಮ ಕರ್ತವ್ಯ: 108ಕ್ಕೆ ಕರೆ ಮಾಡುವಾಗ ಮನೆಯವರ ಕ್ಷಯ, ಕಾಮಾಲೆ, ಬಿಡದ ಕೆಮ್ಮು, ಜ್ವರಗಳನ್ನು ಸಂಕೋಚದಿಂದ ಮುಚ್ಚಿಡಬಾರದು. ಮುಚ್ಚಿಟ್ಟ ರೋಗವು ನೆರವಿಗೆ ಬಂದವರ ಮನೆಗೂ, ಅದೇ ವಾಹನವೇರುವ ಮುಂದಿನ ರೋಗಿಗೂ ತಲುಪೀತು.