ಅಂಬಾಸಡರ್ ಪುಲ್ಲಿ ಬೋಲ್ಟ್‌ಗೆ ಹಲ್ಲು ಯಾಕಿದೆ?

ಮೊದಲನೇ ಫೋಟೋ ಝೂಮ್ ಮಾಡಿ. ಇಂಜಿನ್ ಮುಂದೆ, ಫ್ಯಾನ್ ಬೆಲ್ಟ್ ಸುತ್ತುವ ಕೆಳಗಿನ ಪುಲ್ಲಿಯ ನಡುವೆ ಒಂದು ದಪ್ಪ ಬೋಲ್ಟ್ ಇದೆಯಲ್ಲ, ಅದರ ಬಾಯಲ್ಲಿ ಹಲ್ಲುಗಳಿವೆ. ನಿಮ್ಮ ಮನೆ ಸ್ವಿಫ್ಟ್‌ನಲ್ಲಿ ಹುಡುಕಿದ್ರೂ ಸಿಗಲ್ಲ.

ಇದು ಹೊಳಲ್ಕೆರೆಯಲ್ಲಿರೋ ನಮ್ಮ ಮಾವನ ಹಳೇ ಅಂಬಾಸಡರ್. ಪುಲ್ಲಿ ಹಿಂದಿನ ಆಯಿಲ್ ಸೀಲ್ ಸೋರ್ತಾ ಇತ್ತು. ಸೀಲ್ ಸಣ್ಣ ಸಾಮಾನು, ಆದ್ರೆ ಪುಲ್ಲಿ ಬಿಚ್ಚದೆ ಅದು ಕೈಗೆ ಸಿಗಲ್ಲ. "ಈ ಸಲ ಬರ್ಲಿಲ್ಲ ಅಂದ್ರೆ ಗುಜರಿಗೆ ಹಾಕ್ಬಿಡ್ತೀನಿ ಕಣೋ" ಅಂದಿದ್ರು ಮಾವ. ನಮ್ಮ ಅಕೌಂಟ್ಸ್ ಲೆಕ್ಕದಲ್ಲಿ ಈ ಕಾರಿನ ಬೆಲೆ ಯಾವತ್ತೋ ಸೊನ್ನೆ ಆಗಿದೆ, ಅದು ಬೇರೆ ಮಾತು.

ಈಗ ಹಲ್ಲಿನ ಕಥೆ. ನಮ್ಮ ಹಿರಿಯೂರಿನ ಮಾರಿಕಣಿವೆ ಅಣೆಕಟ್ಟು ಮುಗಿದಿದ್ದು 1907ರಲ್ಲಿ. ಆಗ ಪೆಟ್ರೋಲ್ ಕಾರನ್ನ ಸ್ಟಾರ್ಟ್ ಮಾಡ್ತಿದ್ದಿದ್ದು ಕೈಯಲ್ಲೇ. ಮುಂದುಗಡೆ ನಿಂತು, ಕಬ್ಬಿಣದ ಹ್ಯಾಂಡಲ್ ತೂರಿಸಿ, ಜೋರಾಗಿ ತಿರುಗಿಸಬೇಕು. ಹ್ಯಾಂಡಲ್ ಕಚ್ಚಿಕೊಳ್ಳೋದು ಈ ಹಲ್ಲಿಗೇ. ಹಲ್ಲಿನ ಒಂದು ಮಗ್ಗುಲು ಇಳಿಜಾರು. ಇಂಜಿನ್ ಹತ್ತಿಕೊಂಡು ಜೋರಾಗಿ ತಿರುಗಿದ ತಕ್ಷಣ ಹ್ಯಾಂಡಲ್ ತಾನೇ ಜಾರಿ ಹೊರಗೆ ಬರುತ್ತೆ. ಆದ್ರೆ ಕಿಡಿ ಮುಂಚೆ ಬಿದ್ರೆ ಇಂಜಿನ್ ಹಿಂದಕ್ಕೆ ಒದೆಯುತ್ತೆ. ಹಾಗೆ ಮಣಿಕಟ್ಟು ಮುರ್ಕೊಂಡೋರು ಎಷ್ಟೋ ಜನ. ಹಳೇ ಡ್ರೈವರ್‌ಗಳು ಹೆಬ್ಬೆರಳನ್ನ ಹ್ಯಾಂಡಲ್ ಸುತ್ತ ಹಾಕದೆ ಉಳಿದ ಬೆರಳುಗಳ ಜೊತೆಗೇ ಇಡ್ತಿದ್ದಿದ್ದು ಇದಕ್ಕೇ.

ಚಾರ್ಲ್ಸ್ ಕೆಟರಿಂಗ್ ಮಾಡಿದ ಎಲೆಕ್ಟ್ರಿಕ್ ಸ್ಟಾರ್ಟರ್ 1912ರ ಕ್ಯಾಡಿಲಾಕ್‌ನಲ್ಲಿ ಬಂತು. ಹಾಗಂತ ಹ್ಯಾಂಡಲ್ ಹೋಗ್ಲಿಲ್ಲ. ಬ್ಯಾಟರಿ ಕೈ ಕೊಟ್ರೆ? ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಅನ್ನೋ ಬ್ರಿಟಿಷ್ ಕಾರನ್ನೇ ಹಿಂದುಸ್ತಾನ್ ಮೋಟಾರ್ಸ್ 1950ರ ದಶಕದ ಕೊನೆಯಲ್ಲಿ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಡರ್ ಮಾಡಿತು. ಅದರ ಜೊತೆ ಹಲ್ಲಿನ ಬೋಲ್ಟೂ ಬಂತು. ಹಳೇ ಎನ್‌ಎಚ್ 4 ಮತ್ತು 13 ಕೂಡೋ ಚಿತ್ರದುರ್ಗದಂಥ ಊರಿನ ಟ್ಯಾಕ್ಸಿಗಳಿಗೆ ಡಿಕ್ಕಿಯಲ್ಲೊಂದು ಹ್ಯಾಂಡಲ್ ಅಂದ್ರೆ ಎರಡನೇ ಬ್ಯಾಟರಿ ಇದ್ದಂಗೆ.

ಬೋಲ್ಟ್ ಹಟಮಾರಿ ಆಗೋದಕ್ಕೂ ಇದೇ ಕಾರಣ: ಹ್ಯಾಂಡಲ್ ತಿರುಗಿಸೋ ದಿಕ್ಕೂ ಬೋಲ್ಟ್ ಬಿಗಿಯಾಗೋ ದಿಕ್ಕೂ ಒಂದೇ!

ನಾವು ಮಾಡಿದ್ದು ಹೀಗೆ. ಬ್ಯಾಟರಿ ವೈರ್ ತೆಗೆದು, ರೇಡಿಯೇಟರ್ ಇಳಿಸಿ, ಬೆಲ್ಟ್ ಬಿಚ್ಚಿದ್ವಿ. ಬೋಲ್ಟ್ ಕೆಳಗಿನ ಲಾಕ್ ವಾಷರ್‌ನ ಮಡಿಕೆ ಬಿಡಿಸಿ, ಗಾಲಿಗೆ ಕಲ್ಲು ಕೊಟ್ಟು, ಟಾಪ್ ಗೇರ್‌ಗೆ ಹಾಕಿದ್ವಿ. ಮಾವ ಬ್ರೇಕ್ ತುಳಿದ್ರು, ನಾನು ಸ್ಪ್ಯಾನರ್ ಬಾಲಕ್ಕೆ ಸುತ್ತಿಗೆಯಲ್ಲಿ ಏಟು ಹಾಕಿದೆ. ನಾಲ್ಕನೇ ಏಟಿಗೆ ಬಿಟ್ಟಿತು. ಇಂಚಿನ ಸ್ಪ್ಯಾನರ್ರೇ ಬೇಕು. ಎಂಎಂ ಸೆಟ್ ಹಾಕಿ ಮೂಲೆ ಸವೆಸಬೇಡಿ.

ಬೋಲ್ಟ್ ಬಂದ್ರೂ ಪುಲ್ಲಿ ಅಲ್ಲಾಡ್ಲಿಲ್ಲ. ಶಾಫ್ಟ್‌ಗೂ ಪುಲ್ಲಿಗೂ ನಡುವೆ ಅರ್ಧಚಂದ್ರದ ಕೀ, ಜೊತೆಗೆ ವರ್ಷಗಟ್ಟಲೆ ತುಕ್ಕು. ಮಾವ ಸಿಟ್ಟಲ್ಲಿ ಅಂಚಿಗೆ ಸಬ್ಬಲ್ ಹಾಕಿ ಮೀಟಿದ್ರು, ತಗಡು ಸೊಟ್ಟಗಾಯ್ತು (ಎರಡನೇ ಫೋಟೋ). ಅಂಚು ಮುಟ್ಟಬಾರದು, ನಡುವಿನ ಗಟ್ಟಿ ಭಾಗವನ್ನೇ ಹಿಡಿದು ಎಳೀಬೇಕು. ರಾತ್ರಿಯೆಲ್ಲ ಡೀಸೆಲ್ ಬಿಟ್ಟು, ಬೆಳಿಗ್ಗೆ ಬಾಡಿಗೆ ಪುಲ್ಲರ್ ತಂದು, ಶಾಫ್ಟ್ ತುದಿಗೆ ಕಬ್ಬಿಣದ ಬಿಲ್ಲೆ ಕೊಟ್ಟು ಸ್ಕ್ರೂ ಬಿಗಿ ಮಾಡ್ತಾ ಹೋದ್ವಿ. ಟಣ್ ಅಂತ ಸದ್ದಾಯ್ತು. ಮಾವ ಎದ್ದು ನಿಂತ್ಬಿಟ್ರು.

ಸೀಲ್ ಹೊಸದು ಹಾಕಿದ್ದೀವಿ, ಅಂಚನ್ನ ತಟ್ಟಿ ಸರಿ ಮಾಡಿದ್ದೀವಿ. ಹ್ಯಾಂಡಲ್ ಮಾತ್ರ ಕಳೆದುಹೋಗಿದೆ. ಹೊಸದುರ್ಗ, ಹಿರಿಯೂರು ಕಡೆ ಯಾರ ಮನೆ ಅಟ್ಟದಲ್ಲಾದ್ರೂ ಇದ್ರೆ ಫೋಟೋ ಕಳ್ಸಿ.